ಪಕ್ಕೆಲುಬಿನ ಮೊರ

"ನೆಕ್ಕು ಅಂದೆ. ಬೆರಳು ನೆಕ್ಕಿ ಒದ್ದೆ ಮಾಡ್ಕೊ, ಒಂದೊಂದೇ ಎತ್ತು. ಉಣ್ಣೇಲಿ ಹಿಕ್ಕೆ ಆರಿಸೋ ಜಾತಿ ತಾನೆ ನಿಂದು, ಮುಂಡೇದೆ, ಇದೇನು ಹೊಸ ಕೆಲ್ಸವಾ?"

ಶನಿವಾರ ಹನ್ನೊಂದು ಗಂಟೆ, ಹೀಗೆ ಗದರುತ್ತಿದ್ದವರು ನಮ್ಮ ಧಣಿ. ಡಾಕ್ಟರ್ ಬೆಲಿಸಾರಿಯೊ ಅರಾನಿಬಾರ್ ದೆ ಲಾ ತೊರೆ ಅವರು ಸಾತುರ್ನಿನಾ ಕೊಂಡೋರಿಯ ಟೈಪ್‌ರೈಟರನ್ನು ಇಬ್ಬರು ಹಮಾಲರ ಕೈಯಲ್ಲಿ ಬೋರಲು ಹಿಡಿಸಿ, ಕೆಳಗೆ ತಮ್ಮ ಬಿಳಿ ಕರವಸ್ತ್ರ ಹಾಸಿ, ಬೆತ್ತದಿಂದ ಅದರ ತಳಕ್ಕೆ ಮೂರು ಸಲ ತಟ್ಟಿದ್ದರು. ಕರವಸ್ತ್ರದ ಮೇಲೆ ರಬ್ಬರಿನ ಪುಡಿ ಉದುರಿತ್ತು. ಸಾತುರ್ನಿನಾ ಮಂಡಿಯೂರಿ ಬೆರಳು ನೆಕ್ಕಿಕೊಂಡು ಅದನ್ನು ಹೆಕ್ಕುತ್ತಿದ್ದಳು. ನಾವು ಉಳಿದ ಎಂಟು ಜನ ನಮ್ಮ ನಮ್ಮ ಯಂತ್ರದ ಪಕ್ಕ ಸಾಲಾಗಿ ನಿಂತು ಸರದಿ ಕಾಯುತ್ತಿದ್ದೆವು.

ಕಾನೂನು ಓದಿದವರನ್ನೆಲ್ಲ ಪೆರು ದೇಶದ ನಮ್ಮ ಅರೆಕಿಪಾ ಊರಲ್ಲಿ ಡಾಕ್ಟರ್ ಅನ್ನುವುದು. ನಮ್ಮ ಡಾಕ್ಟರು ಉಣ್ಣೆ ವ್ಯಾಪಾರಿ. ಕೆಳಗೆ ಕೊಟ್ಟಿಗೆಯಲ್ಲಿ ಎಪ್ಪತ್ತು ಹೆಂಗಸರು ನೆಲದ ಮೇಲೆ ಕೂತು, ನಮ್ಮ ಗುಡ್ಡಗಳಲ್ಲಿ ಮೇಯುವ ಅಲ್ಪಾಕಾ ಪ್ರಾಣಿಯ ಉಣ್ಣೆ ಆರಿಸುತ್ತಿದ್ದರು. ಮೇಲಿನ ಮಹಡಿಯಲ್ಲಿ ನಾವು ಒಂಬತ್ತು ಜನ ಅದೇ ಉಣ್ಣೆಯ ಬಗ್ಗೆ ಪರದೇಶದವರಿಗೆ ಕಾಗದ ಟೈಪ್ ಮಾಡುತ್ತಿದ್ದೆವು. ಡಾಕ್ಟರು ಕೋಣೆಯ ಉದ್ದಕ್ಕೂ ನಡೆದಾಡುತ್ತ ಹೇಳಿ ಬರೆಸುವವರು. 'ಉತ್ತಮ' ಅಂದು ಮೂರು ಹೆಜ್ಜೆ ಹೋಗಿ, ಬೇಡ, 'ಅತ್ಯುತ್ತಮ' ಅನ್ನುವರು. ಕಿಟಕಿ ಮುಟ್ಟುವಷ್ಟರಲ್ಲಿ ಮತ್ತೆ 'ಉತ್ತಮ'ವೇ ಇರಲಿ ಅನ್ನುವರು. ಅವರ ಮನಸ್ಸು ಹೊರಳಿದಾಗಲೆಲ್ಲ ನಾವು ರಬ್ಬರಿನಿಂದ ಉಜ್ಜಿ ಅಳಿಸಬೇಕು. ಕಾರ್ಬನ್ ಇಟ್ಟ ಆರು ಪ್ರತಿ, ಮೇಲಿನದೊಂದು, ಒಟ್ಟು ಏಳು ಹಾಳೆ. ಮನಸ್ಸು ಅವರದು, ಪುಡಿ ಮಾತ್ರ ನಮ್ಮದು.

ಉಜ್ಜುವ ಮೊದಲು ಕಾಗದ ಹಿಡಿದಿರುವ ಕ್ಯಾರೇಜನ್ನು ಪೂರಾ ಒಂದು ಬದಿಗೆ ತಳ್ಳಬೇಕು, ಆಗ ಪುಡಿ ಮೇಜಿನ ಮೇಲೆ ಬೀಳುತ್ತದೆ ಎಂದು ಟೈಪ್ ಕಲಿಸುವ ಕಡೆ ಹೇಳಿಕೊಡುತ್ತಾರೆ. ಕಲಿಸುವವರಿಗೇನು, ಅವರ ಬೆನ್ನ ಹಿಂದೆ ಬೆತ್ತ ಹಿಡಿದವರು ನಿಂತಿರುವುದಿಲ್ಲವಲ್ಲ. ಅಷ್ಟು ಪುರುಸೊತ್ತಿಲ್ಲದೆ ನಾವು ಇದ್ದ ಜಾಗದಲ್ಲೇ ಉಜ್ಜುತ್ತಿದ್ದೆವು. ಪುಡಿ ಒಳಗೆ ಹೋಗಿ ಎಣ್ಣೆಗೆ ಮೆತ್ತಿಕೊಂಡು ಅಂಟಾಗುತ್ತಿತ್ತು. ಆಮೇಲೆ ಅಕ್ಷರದ ಕಡ್ಡಿ ಮೇಲೆ ಹೋದದ್ದು ಕೆಳಗೆ ಬರುತ್ತಿರಲಿಲ್ಲ.

ಸಾತುರ್ನಿನಾಳ ಯಂತ್ರ ಆ ತಿಂಗಳಲ್ಲಿ ಎರಡು ಸಲ ಹಾಗೆ ನಿಂತಿತ್ತು. ಹೆಕ್ಕಿದ್ದು ಮುಗಿದ ಮೇಲೆ ಡಾಕ್ಟರು ಕರವಸ್ತ್ರ ಮಡಚುತ್ತ, ಇನ್ನೊಂದು ಸಲ ನಿಂತರೆ ಸೋಮವಾರದಿಂದ ನಿನ್ನ ಜಾಗ ಕೆಳಗೆ ಅಂದರು. ಅವಳ ಮುಖ ಬಿಳುಚಿಕೊಂಡಿತು. ಅವಳ ತಾಯಿ ಯೂಹೆನಿಯಾ ಅದೇ ಕೊಟ್ಟಿಗೆಯಲ್ಲಿ ಇಪ್ಪತ್ತಾರು ವರ್ಷ ಉಣ್ಣೆ ಆರಿಸಿ, ಎದೆ ತುಂಬ ಅದರ ಧೂಳು ತುಂಬಿಕೊಂಡು, ಕೆಮ್ಮಿ ಕೆಮ್ಮಿ ಸತ್ತು ಎರಡು ವರ್ಷವಾಗಿತ್ತು. ಮಗಳು ಮೇಲಿನ ಮಹಡಿಯಲ್ಲಿ ಕುರ್ಚಿಯ ಮೇಲೆ ಕೂತು ದುಡಿಯಬೇಕು ಅನ್ನುವುದೊಂದೇ ಅವಳಿಗಿದ್ದ ಹಟ.

ಸೋಮವಾರ ಸಾತುರ್ನಿನಾ ನಗುತ್ತಾ ಬಂದಳು. ಪಕ್ಕದ ಮೇಜಿನವಳಾದ ನನಗೆ ಕಣ್ಣು ಹೊಡೆದು ಚೀಲದಿಂದ ಒಂದು ಕಪ್ಪು ಪಟ್ಟಿ ತೆಗೆದಳು. ಅಂಗೈ ಅಗಲ, ಒಂದು ಗೇಣು ಉದ್ದ, ಮೂರು ಕಡೆ ಅಂಚು ಮೇಲಕ್ಕೆ ಮಡಚಿದ್ದು. ನಮ್ಮ ಅಡುಗೆಮನೆಯ ಮೊರದ ಮರಿ ಅನ್ನಿ. ಅದನ್ನು ಕಾಗದದ ಬುಡಕ್ಕೆ, ಅಕ್ಷರದ ಕಡ್ಡಿಗಳ ಮೇಲೆ ಆನಿಸಿ ಉಜ್ಜಿದಳು. ಪುಡಿಯೆಲ್ಲ ಮೊರಕ್ಕೆ ಬಿತ್ತು. ಎತ್ತಿ ಬುಟ್ಟಿಗೆ ಕೊಡವಿದಳು. ಅಷ್ಟೇ. ಮೂರು ಉಸಿರಿನ ಕೆಲಸ.

ಬೆಳಕಿಗೆ ಹಿಡಿದಾಗ ಅದರಲ್ಲಿ ಬೆಳ್ಳಗೆ ಗೆರೆಗಳು ಕಂಡವು. ಏನೇ ಇದು ಅಂದೆ.

"ನಮ್ಮವ್ವನ ಪಕ್ಕೆ ಕಣಕ್ಕ. ಆಸ್ಪತ್ರೇಲಿ ತೆಗ್ದಿದ್ ಎಕ್ಸ್‌ರೇ. ಗೋಡೇಗ್ ನೇತಾಕಿದ್ದೆ. ನಿನ್ನೆ ನೋಡ್ತಾ ನೋಡ್ತಾ, ಅವ್ವ, ಸುಮ್ಕೆ ನೇತಾಡ್ತಾ ಇದೀಯಲ್ಲ, ಬಾ, ಒಸಿ ಕೆಲ್ಸ ಮಾಡು ಅಂದೆ."

ನನಗೆ ನಗು ಬಂತು, ಅಳುವೂ ಬಂತು. ನಗುವೇ ಗೆದ್ದಿತು.

ಅವಳ ಚಿಕ್ಕಮ್ಮ ಆಸ್ಪತ್ರೆಯಲ್ಲಿ ಕಸ ಗುಡಿಸುವವಳು. ಎಸೆಯಲು ಇಟ್ಟಿದ್ದ ಹಳೇ ಎಕ್ಸ್‌ರೇಗಳನ್ನು ಶಾಲಿನಡಿ ಸೇರಿಸಿ ತಂದು ಕೊಟ್ಟಳು. ವಾರ ತುಂಬುವಷ್ಟರಲ್ಲಿ ಒಂಬತ್ತು ಜನರ ಹತ್ತಿರವೂ ಒಂದೊಂದು ಮೊರ. ನನ್ನದರಲ್ಲಿ ಯಾರದೋ ಬೆನ್ನುಮೂಳೆ. ನಮ್ಮಲ್ಲಿ ಹಿರಿಯಳಾದ ಹೆರ್ತ್ರೂದಿಸ್ ಅಜ್ಜಿಗೆ ಒಂದು ದಪ್ಪ ಮಂಡಿ ಸಿಕ್ಕಿತ್ತು. ಅರವತ್ತರ ಮುದುಕಿ, ಗಂಡ ಸತ್ತು ಮೂವತ್ತು ವರ್ಷವಾಗಿತ್ತು. ದಿನಾ ಬೆಳಿಗ್ಗೆ ಅದನ್ನು ಸವರುತ್ತ, "ಯಾವ್ ಗಂಡ್ಸಿಂದೋ ಏನೋ ಕಣ್ರಮ್ಮಿ, ಬೋ ಗಟ್ಟಿಯಾಗವ್ನೆ" ಅನ್ನುವಳು. ಮೂಳೆ ಅದಲು ಬದಲು ಮಾಡಿಕೊಂಡು, ಯಾರ ಮೂಳೆಗೆ ಯಾರ ಮೂಳೆ ಕೂಡಿಸಿದರೆ ಮದುವೆ ಆದೀತು ಎಂದೆಲ್ಲ ಲೆಕ್ಕ ಹಾಕಿ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಡಾಕ್ಟರ ಹೆಜ್ಜೆ ಕೇಳಿದರೆ ಮೊರಗಳು ಲಂಗದ ಸೊಂಟಪಟ್ಟಿಯೊಳಗೆ.

ಆ ಶನಿವಾರ ಬೆತ್ತ ತಟ್ಟಿ ತಟ್ಟಿ ಡಾಕ್ಟರ ಕೈ ಸೋತಿತು. ಒಂಬತ್ತು ಯಂತ್ರಗಳಿಂದಲೂ ಒಂದು ಚೂರು ಬೀಳಲಿಲ್ಲ. ಎರಡನೇ ಶನಿವಾರವೂ ಅಷ್ಟೇ. ಕರವಸ್ತ್ರ ಬೆಳ್ಳಗೇ ಉಳಿಯಿತು, ಅವರ ಮುಖ ಮಾತ್ರ ಕೆಂಪಾಯಿತು. ಮೂರನೇ ವಾರ ನಾವು ಊಟಕ್ಕೆ ಹೋದಾಗ ಡ್ರಾಯರುಗಳನ್ನು ಜಾಲಾಡಿದರು. ವಾಪಸ್ಸು ಬಂದಾಗ ಸಾತುರ್ನಿನಾಳ ಮೊರವನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಂತಿದ್ದರು.

"ಯಾವ ಹೆಣದ್ದೇ ಇದು?"

"ನಮ್ಮವ್ವಂದು ಸಾಮಿ. ಕೆಳ್ಗಡೆ ಯೂಹೆನಿಯಾ. ನಿಮ್ ಉಣ್ಣೆ ಧೂಳ್ ಕುಡ್ದು ಸತ್ಲಲ್ಲ, ಅವ್ಳು."

ಡಾಕ್ಟರು ಅದನ್ನು ಕೆಂಡ ಹಿಡಿದವರಂತೆ ಕೈಬಿಟ್ಟರು. ಮಾಟ ಅಂದರು, ಗುಡ್ಡದ ಮೇಲಿನ ಕಾಡುಜನರ ಬುದ್ಧಿ ಅಂದರು. ಮಾರನೆಯ ದಿನ ಪಾದ್ರಿ ಬಂದರು. ಅವರು ಮೂಗಿಗೆ ಬಟ್ಟೆ ಹಿಡಿದುಕೊಂಡು ಮಂತ್ರ ಹೇಳಿ, ಯಂತ್ರಗಳ ಮೇಲೂ ನಮ್ಮ ಮೇಲೂ ಧಾರಾಳವಾಗಿ ಪವಿತ್ರ ಜಲ ಚಿಮುಕಿಸಿ, ಡಾಕ್ಟರ ಜೊತೆ ಬಿಸಿ ಚಾಕೊಲೇಟು ಕುಡಿದು ಹೋದರು. ನೀರು ಒಳಗಿಳಿದು ತುಕ್ಕು ಹಿಡಿದು ಆ ತಿಂಗಳು ಮೂರು ಯಂತ್ರ ನಿಂತವು. ಯಾರನ್ನು ಮಂಡಿಯೂರಿಸುವುದು? ಪಾದ್ರಿಯನ್ನು ಕರೆಸಿ ನೆಕ್ಕಿಸಿ ಅಂತ ಹೆರ್ತ್ರೂದಿಸ್ ಅಜ್ಜಿ ಗೊಣಗಿದ್ದು ಕೇಳಿ, ಕೆಮ್ಮಿನ ನೆಪದಲ್ಲಿ ನಕ್ಕೆವು.

ಅಷ್ಟರಲ್ಲಿ ಇಂಗ್ಲೆಂಡಿನಿಂದ ಉಣ್ಣೆ ಕೊಳ್ಳುವವನೊಬ್ಬ ಬಂದ. ಕಚೇರಿ ಸುತ್ತುತ್ತ ನನ್ನ ಮೇಜಿನ ಹತ್ತಿರ ನಿಂತ. ಪಾದ್ರಿ ಹೋದ ಮೇಲೂ ನಾವು ಮೊರ ಬಿಟ್ಟಿರಲಿಲ್ಲ ನೋಡಿ, ಅವಸರದಲ್ಲಿ ಬಚ್ಚಿಡಲು ಮರೆತಿದ್ದೆ. ಆತ ಅದನ್ನು ತಿರುಗಿಸಿ ನೋಡಿ, ಇಟ್ಟು ನೋಡಿ, ತಾನೇ ಉಜ್ಜಿ ನೋಡಿ, ಚಪ್ಪಾಳೆ ತಟ್ಟಿದ. ನಮ್ಮ ಕಡೆ ಸಾವಿರಾರು ಕಚೇರಿಗಳಿಗೆ ಇದು ಬೇಕು, ಯಾರ ತಲೆಯ ಉಪಾಯ ಇದು ಅಂತ ಕೇಳಿದ.

ನಾವೆಲ್ಲ ಸಾತುರ್ನಿನಾಳತ್ತ ನೋಡಿದೆವು. ಅವಳು ಏಳಲು ಕುರ್ಚಿ ಹಿಂದಕ್ಕೆ ಸರಿಸಿದಳು.

"ನನ್ನದೇ" ಅಂದರು ಡಾಕ್ಟರು. ಕಣ್ಣು ಕೂಡ ಮಿಟುಕಿಸಲಿಲ್ಲ.

ಅದು ಸುಳ್ಳು ಎಂದು ನಾನು ಹೇಳಬಹುದಿತ್ತು. ತಲೆ ತಗ್ಗಿಸಿ ಟೈಪ್ ಮಾಡತೊಡಗಿದೆ. ಅದಕ್ಕೆ ಇವತ್ತಿಗೂ ನನಗೆ ನಾಚಿಕೆಯಿದೆ.

ವಾರದೊಳಗೆ ತಗಡಿನ ಕೆಲಸದವನು ಎರಡು ಡಜನ್ ಮೊರ ಮಾಡಿಕೊಟ್ಟ. ಹೊಳೆಯುವ ತಗಡು, ಪ್ರತಿಯೊಂದರ ಮೇಲೂ ಡಾಕ್ಟರ ಹೆಸರಿನ ಮುದ್ರೆ. ಆಗಸ್ಟಿನ ಊರ ಹಬ್ಬದ ವಾರದಲ್ಲಿ, ಶನಿವಾರ, ವರ್ತಕರ ಸಂಘದ ಪ್ರದರ್ಶನ. ಅಲ್ಲಿ ಪ್ರಾಂತದ ದೊಡ್ಡ ಅಧಿಕಾರಿ ಪ್ರಿಫೆಕ್ಟ್ ಸಾಹೇಬರ ಎದುರಿಗೆ ಮೊರದ ಉದ್ಘಾಟನೆ, ಅದನ್ನು ತೋರಿಸಿಕೊಡಬೇಕಾದವಳು ನಮ್ಮ ಪೈಕಿ ಎಲ್ಲರಿಗಿಂತ ಚುರುಕು ಕೈಯ ಸಾತುರ್ನಿನಾ. ಅವಳು ಡಾಕ್ಟರ ಮೇಜಿನ ಮುಂದೆ ಹೋಗಿ ನಿಂತಳು.

"ಅದು ನಂದು ಸಾಮಿ."

"ನಿಂದು ಏನಿದೆಯೇ ಇಲ್ಲಿ? ಕುರ್ಚಿ ನಂದು, ಮೆಷೀನು ನಂದು, ರಬ್ಬರು ನಂದು. ನಿಮ್ಮವ್ವ ನನ್ನ ಕೊಟ್ಟಿಗೇಲಿ ಸತ್ತಿದ್ದು, ಅವಳ ಮೂಳೇನೂ ನಂದೇ. ಶನಿವಾರ ಒಂದು ಎಡವಟ್ಟಾಗ್ಲಿ, ಸೋಮವಾರ ಅವಳ ಜಾಗದಲ್ಲಿ ನಿನ್ನ ಕೂರಿಸ್ತೀನಿ. ಹೋಗು, ಕೈ ತೊಳ್ಕೊ. ನಾತ."

ನಾಲ್ಕು ದಿನ ತಾಲೀಮು ನಡೆಯಿತು. ಸಾತುರ್ನಿನಾ ಒಂದು ಸಾಲು ಟೈಪ್ ಮಾಡಬೇಕು: ಈ ಸಾಧನವನ್ನು 1958ರಲ್ಲಿ ಕಂಡುಹಿಡಿದವರು ಡಾಕ್ಟರ್ ಬೆಲಿಸಾರಿಯೊ ಅರಾನಿಬಾರ್ ದೆ ಲಾ ತೊರೆ. ಬೇಕೆಂದೇ ಇಸವಿಯನ್ನು 1957 ಎಂದು ತಪ್ಪು ಹೊಡೆಯಬೇಕು. ಮೊರ ಇಟ್ಟು ಉಜ್ಜಿ ಸರಿಪಡಿಸಬೇಕು. ಆಮೇಲೆ ಮೊರದ ಪುಡಿಯನ್ನು ಡಾಕ್ಟರ ಬಲ ಅಂಗೈಗೆ ಸುರಿಯಬೇಕು. ಅವರು ಅದನ್ನು ಸಭೆಗೆ ತೋರಿಸಿ, ನೋಡಿ, ಯಂತ್ರದೊಳಗೆ ಒಂದು ಚೂರೂ ಬಿದ್ದಿಲ್ಲ ಎನ್ನುವರು. ಚಪ್ಪಾಳೆ ಎಷ್ಟು ಹೊತ್ತು ಇರಬಹುದು ಎಂದು ಲೆಕ್ಕ ಹಾಕಿ, ಅದಕ್ಕೂ ಬಿಡುವು ಕೊಟ್ಟು ಅಭ್ಯಾಸ ಮಾಡಿದರು.

ಶುಕ್ರವಾರ ಮಧ್ಯಾಹ್ನ ಅರ್ಧ ದಿನ ರಜೆ. ಒಂಬತ್ತು ಜನವೂ ಚಿಚಾ ಅಂಗಡಿಯಲ್ಲಿ ಕೂತು ಮೆಕ್ಕೆಜೋಳದ ಹೆಂಡ ಕುಡಿದೆವು. ಆ ಬೋಳಿಮಗನ ಹೆಸರು ಟೈಪ್ ಮಾಡುವಷ್ಟರಲ್ಲಿ ಹಬ್ಬವೇ ಮುಗಿದಿರುತ್ತದೆ ಎಂದು ಒಬ್ಬಳು, ಅಷ್ಟುದ್ದ ಹೆಸರಿಟ್ಟವರು ಅರ್ಧ ಅಳತೆಯ ಬುದ್ಧಿಯನ್ನಾದರೂ ಕೊಡಬಾರದಿತ್ತೆ ಎಂದು ಇನ್ನೊಬ್ಬಳು. ಹೆರ್ತ್ರೂದಿಸ್ ಅಜ್ಜಿ ಮಾತ್ರ ನಗಲಿಲ್ಲ. ಸಾತುರ್ನಿನಾಳ ಗಲ್ಲ ಹಿಡಿದು, "ಹೊಟ್ಟೆಪಾಡು ಕಣಮ್ಮಿ. ಅವ್ನ್ ಹೆಸ್ರು ಹೊಡ್ದು ಬಂದ್ಬುಡು. ಕೆಳುಕ್ಕೆ ಮಾತ್ರ ಇಳೀಬ್ಯಾಡ, ನಿಮ್ಮವ್ವ ಮೆಚ್ಚಾಕಿಲ್ಲ" ಅಂದಳು. ಹೆಸರು ಪೂರ್ತಿ ಹೊಡೆದೇ ಹೊಡೆಯುತ್ತೇನೆ ಅಜ್ಜಿ, ಒಂದಕ್ಷರ ಬಿಡುವುದಿಲ್ಲ ಅಂದಳು ಸಾತುರ್ನಿನಾ.

ಶನಿವಾರ ಸಂಘದ ದೊಡ್ಡ ಹಾಲಿನಲ್ಲಿ ಹೂವು, ಬಾಜಾ, ಬಿಳಿ ಕೈಗವಸಿನ ಹೆಂಗಸರು. ನಾವು ಎಂಟು ಜನ ಗೋಡೆಯ ಹತ್ತಿರ ಸಾಲಾಗಿ ನಿಂತಿದ್ದೆವು. ವೇದಿಕೆಯ ಮೇಲೆ ಸಾತುರ್ನಿನಾ, ಟೈಪ್‌ರೈಟರು, ತಗಡಿನ ಮೊರ. ಎಡಗಡೆ ಪ್ರಿಫೆಕ್ಟ್ ಸಾಹೇಬರು ಕನ್ನಡಕ ಏರಿಸಿಕೊಂಡು, ಅವಳು ಟೈಪ್ ಮಾಡಿದ್ದನ್ನು ಸಭೆಗೆ ಓದಿ ಹೇಳಲು ಬಗ್ಗಿದ್ದರು. ಬಲಗಡೆ ಡಾಕ್ಟರು, ಎದೆಗೆ ಗುಲಾಬಿ ಸಿಕ್ಕಿಸಿಕೊಂಡು.

ಸಾತುರ್ನಿನಾಳ ಬೆರಳು ಓಡಿದವು. ಸಾಹೇಬರು ಓದಿದರು. ಇಸವಿ 1958 ಎಂದು ಸರಿಯಾಗಿಯೇ ಬಂತು. ಹೆಸರೂ ಪೂರ್ತಿ ಬಂತು, ಬಾಲದ ಸಮೇತ. ಡಾಕ್ಟರು ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದರು:

"ತಪ್ಪು. ತಪ್ಪೆಲ್ಲಿ ಮುಂಡೇದೆ?"

"ಹೊಡ್ದಿವ್ನಿ ಸಾಮಿ. ಈಗ ಅಳಿಸ್ತೀನಿ, ನೋಡಿ."

ಮೊರ ಇಟ್ಟಳು. ರಬ್ಬರು ಎತ್ತಿಕೊಂಡಳು. ಹೆಸರಿನ ಕೊನೆಯಿಂದ ಶುರು ಮಾಡಿದಳು. 'ತೊರೆ' ಹೋಯಿತು. 'ದೆ ಲಾ' ಹೋಯಿತು. ಇದು ಯಾವ ತಪ್ಪು ಎಂದು ಯಾರಿಗೂ ತಿಳಿಯದೆ ಎಲ್ಲರೂ ಕತ್ತು ಚಾಚಿದರು. ಡಾಕ್ಟರು ನಗುಮುಖ ಹಾಗೇ ಇಟ್ಟುಕೊಂಡು ಅವಳ ಹೆಗಲು ಹಿಂಡುತ್ತಿದ್ದರು. ಅವಳು ಉಜ್ಜುತ್ತಲೇ ಇದ್ದಳು. 'ಅರಾನಿಬಾರ್' ಹೋಯಿತು, 'ಬೆಲಿಸಾರಿಯೊ' ಹೋಯಿತು. 'ಡಾಕ್ಟರ್' ಅನ್ನುವುದನ್ನೂ ಬಿಡಲಿಲ್ಲ. ನನ್ನ ಪಕ್ಕದಲ್ಲಿ ಅಜ್ಜಿ ನನ್ನ ಮುಂಗೈ ಗಟ್ಟಿಯಾಗಿ ಹಿಡಿದಿದ್ದಳು. ನಗು ತಡೆಯಲು ನಾನು ತುಟಿ ಕಚ್ಚಿಕೊಂಡೆ.

ಖಾಲಿಯಾದ ಜಾಗದಲ್ಲಿ ಅವಳು ಮತ್ತೆ ಹೊಡೆದಳು. ಪ್ರಿಫೆಕ್ಟ್ ಸಾಹೇಬರು ಒಳ್ಳೆಯ ಕಂಠದವರು, ಕಂಡದ್ದನ್ನು ಹಾಗೇ ಓದಿದರು: "ಕಂಡುಹಿಡಿದವರು ಸಾತುರ್ನಿನಾ ಕೊಂಡೋರಿ." ಅಷ್ಟುದ್ದದ ಹೆಸರು ಇದ್ದ ಜಾಗ, ಇನ್ನೂ ಉಳಿದಿತ್ತು. ಅವಳು ಅಲ್ಲಿಗೂ ಹೊಡೆದಳು. ಸಾಹೇಬರು ಅದನ್ನೂ ಓದಿದರು: "ಯೂಹೆನಿಯಾಳ ಮಗಳು."

ಸಾತುರ್ನಿನಾ ಮೊರ ಎತ್ತಿಕೊಂಡು ಎದ್ದು ನಿಂತಳು. ಡಾಕ್ಟರಿಗೆ ಏನು ಮಾಡಬೇಕೆಂದು ತೋಚದೆಯೋ, ನಾಲ್ಕು ದಿನದ ಅಭ್ಯಾಸದಿಂದಲೋ, ಅವರ ಬಲಗೈ ತನ್ನಷ್ಟಕ್ಕೆ ತಾನೇ ಮುಂದೆ ಬಂದು ಅಂಗೈ ಬಿಚ್ಚಿತು. ಅವಳು ಅದರೊಳಗೆ ಪುಡಿಯನ್ನೆಲ್ಲ ಸುರಿದಳು.

"ತಗೊಳ್ಳಿ ಸಾಮಿ, ನಿಮ್ ಹೆಸ್ರು. ಮಿಸೀನೊಳುಕ್ಕೆ ಒಂದ್ ಚೂರೂ ಬಿದ್ದಿಲ್ಲ."