ನಾನು ಎಲ್ಲಿಂದಲೂ ಬಂದವಳಲ್ಲ

“ಇದು ಇಲ್ಲಿಗೆ ಹೇಗೆ ಬಂತು?”

ಗವಿಯ ಬಾಗಿಲಲ್ಲಿ ನನ್ನನ್ನು ಮುಷ್ಟಿಯಲ್ಲಿ ಹಿಡಿದು ನಿಂತ ಶಕೀಲಾ ಯಾರನ್ನೂ ಕೇಳಲಿಲ್ಲ, ಸಂಜೆಗಾಳಿಯನ್ನು ಕೇಳಿದಳು. ಉತ್ತರ ನಾನು ಕೊಡುತ್ತೇನೆ. ನಾನು ಒಂದು ಬಾವಲಿ. ಎಲ್ಲಿಂದಲೂ ಬಂದವಳಲ್ಲ. ಇದೇ ಗವಿಯ ಬಂಡೆಸೀಳಿನಲ್ಲಿ, ತಲೆಕೆಳಗಾಗಿ ತೂಗುತ್ತಿದ್ದ ಅವ್ವನ ರೆಕ್ಕೆಯೊಳಗೆ ಹುಟ್ಟಿದವಳು. ನಮ್ಮಲ್ಲಿ ಹುಟ್ಟಿದವರು ನೆಲಕ್ಕೆ ಬೀಳುವುದಿಲ್ಲ, ಕಚ್ಚಿಕೊಳ್ಳುತ್ತಾರೆ.

ಕಣ್ಣು ಬಿಡುವ ಮೊದಲೇ ಕೇಳಿದ್ದು, ಗವಿಯನ್ನು ನೋಡಿಕೊಳ್ಳುವ ರಾಚಯ್ಯನವರ ದನಿ. ಶ್ರಾವಣದ ಸಂಜೆಗಳಲ್ಲಿ ಅವರು ಗವಿಯಲ್ಲಿ ಪುರಾಣ ಓದುತ್ತಿದ್ದರು. ಷಟ್ಪದಿಯ ಒಂದೊಂದು ಸಾಲೂ ಬಂಡೆಗೆ ತಾಗಿ ನಮ್ಮ ಬಳಿ ಬರುತ್ತಿತ್ತು. ಕಿವಿಯಿಂದಲೇ ಬದುಕುವ ಕುಲ ನಮ್ಮದು, ಕೇಳುವುದನ್ನು ಯಾರೂ ಕಲಿಸಬೇಕಿರಲಿಲ್ಲ.

ಕೆಳಗೆ ಕೂತ ಮಂದಿಗೆ ನಾವು ಬೇಡವಾಗಿದ್ದೆವು. ಹಿಕ್ಕೆ ತಲೆಮೇಲೆ ಬೀಳುತ್ತದೆ, ಅಪಶಕುನ ಎಂದು ಗೊಣಗಿ, ರಾಚಯ್ಯನವರು ಊರಲ್ಲಿಲ್ಲದ ದಿನ ಒಣಮೆಣಸಿನಕಾಯಿ ಹೊಗೆ ಹಾಕಿದರು. ಅವ್ವ ಅಂದೇ ತೀರಿದಳು. ಉಳಿದವರು ಇನ್ನೂ ಒಳಗಿನ ಸೀಳಿಗೆ ಸರಿದೆವು. ಹೊಗೆ ಹೋಯಿತು, ನಾವು ಹೋಗಲಿಲ್ಲ. ಹೋದದ್ದು ಮಂದಿಯೇ. ಕೈಗೆ ಮೊಬೈಲು ಬಂದಮೇಲೆ ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ರಾಚಯ್ಯನವರು ಖಾಲಿ ಚಾಪೆಗಳ ಮುಂದೆ ಒಂದು ಪದ್ಯವನ್ನೂ ಬಿಡದೆ ಓದಿದರು.

ಈಗ ನನಗೂ ವಯಸ್ಸಾಯಿತು, ಬಲೆಗೆ ಸಿಕ್ಕೆ. ಬಾವಲಿಗಳನ್ನೇ ಅಧ್ಯಯನ ಮಾಡುವ ಶಕೀಲಾ ಸಿಂಧನೂರಿನ ಕಡೆಯ ಹುಡುಗಿ. ನನ್ನ ರೆಕ್ಕೆಯ ತೋಳು ಅಳೆದಳು, ಮೂಗಿನ ಮೇಲಿನ ಎಲೆಯಂಥ ಮಡಿಕೆಯನ್ನು ಭೂತಗನ್ನಡಿಯಲ್ಲಿ ನೋಡಿದಳು, ಮತ್ತೆ ಅಳೆದಳು. ನಮ್ಮ ಜಾತಿ ಈ ಸೀಮೆಯಲ್ಲೇ ಇಲ್ಲವೆಂದು ಪುಸ್ತಕ ಹೇಳುತ್ತದಂತೆ. ಪುಸ್ತಕ ಬರೆದವರು ಈ ಗವಿಗೆ ಬಂದಿರಲಿಲ್ಲ, ಅಷ್ಟೇ.

ಅವಳ ಗುರುಗಳು ಫೋನಿನಲ್ಲಿ, ಒಂದನ್ನು ಕೊಂದು ಸೀಸೆಯಲ್ಲಿ ಹಾಕಿ ತಾ, ಬರೀ ಮಾತನ್ನು ಯಾರೂ ನಂಬುವುದಿಲ್ಲ ಎಂದರು. ಗವಿಯ ಕೀಲಿ ರಾಚಯ್ಯನವರದು. ನನ್ನನ್ನು ಒಯ್ಯಲೇ ಎಂದು ಅವಳು ತಡವರಿಸುತ್ತ ಅವರನ್ನು ಕೇಳಿದಳು.

“ದಮ್ಮಿನ ಔಷಧಕ್ಕೇನವ್ವ?” ಎಂದರು. ಬಾವಲಿ ತಿಂದರೆ ದಮ್ಮು ಹೋಗುತ್ತದೆಂದು ಬಂದವರನ್ನು ಅವರು ಎಷ್ಟೋ ಸಲ ಬೈದು ಅಟ್ಟಿದ್ದರು.

“ಅಲ್ರಿ ಅಜ್ಜಾರ. ಇವುಗಳ ಹೆಸರು ಪುಸ್ತಕದಾಗ ದಾಖಲಾಗಬೇಕಂದ್ರ ಒಂದರ ದೇಹ ಬೇಕ್ರಿ. ಇದು ಹೆಂಗೂ ಮುದುಕಿ ಐತಿ.”

ನಾನು ಅವಳ ಕೈಗವಸನ್ನು ಕಚ್ಚಿದೆ. ಸವೆದರೂ ಹಲ್ಲು ಹಲ್ಲೇ.

ರಾಚಯ್ಯನವರು ಬಾಗಿ ನನ್ನನ್ನು ನೋಡಿದರು. ಬೇಕಾದಷ್ಟು ಫೋಟೊ ತೆಗೆದುಕೋ, ನಂಬದವರನ್ನು ಇಲ್ಲಿಗೇ ಕರೆದುಕೊಂಡು ಬಾ ಎಂದರು. ಆಮೇಲೆ ದನಿ ಏರಿಸದೆ ಹೇಳಿದರು:

“ನಾ ಓದಿದ್ದು ಕೇಳಾಕ ಇವರಷ್ಟ ಉಳಿದಾರ, ಮಗಳ. ಒಬ್ಬರನ್ನೂ ಕೊಡಂಗಿಲ್ಲ.”