ಕಿವಿಗೆ ಬಿದ್ದ ಸೂತ್ರ

ನಮ್ಮ ಮನೆಯಲ್ಲೇ ಇದ್ದು ಓದುವ ನಮ್ಮಕ್ಕನ ಮಗಳು ನಕಲು ಮಾಡಿದಳೆಂದರೆ ನಾನು ಸುತರಾಂ ನಂಬುವವಳಲ್ಲ. ಆದರೆ ಗಣಿತದ ಮೇಷ್ಟ್ರು ಎರಡು ಉತ್ತರಪತ್ರಿಕೆಗಳನ್ನು ನನ್ನ ಮುಂದೆ ಹಿಡಿದರು. ಒಂದು ಇವಳದು, ಇನ್ನೊಂದು ಇವಳ ಗೆಳತಿಯದು. ಶಂಕುವಿನ ಘನಫಲದಲ್ಲಿ ಇಬ್ಬರದೂ ಒಂದೇ ತಪ್ಪು: ಮೂರನೇ ಒಂದು ಇರಬೇಕಾದಲ್ಲಿ ಎರಡನೇ ಒಂದು. ಇಬ್ಬರಿಗೂ ಕಣ್ಣು ಕಾಣದು. ಪಿಸುಗುಟ್ಟಿ ಹೇಳಿಕೊಂಡಿದ್ದಾರೆ ಎಂಬುದು ಮೇಷ್ಟ್ರ ವಾದ.

"ನಾಳೆಯೊಳಗೆ ಸರಿಯಾದ ಕಾರಣ ಹೇಳದಿದ್ರೆ ಇಬ್ರೂ ವಾರ್ಷಿಕ ಪರೀಕ್ಷೆಗೆ ಕೂರೋ ಹಾಗಿಲ್ಲ," ಎಂದರು.

ನನ್ನ ಅನುಮಾನವೆಲ್ಲ ಆ ಗೆಳತಿಯ ಮೇಲೆ. ಹರಳು ಹುರಿದಂತೆ ಮಾತಾಡುವ ಹುಡುಗಿ, ಪರೀಕ್ಷೆಯಲ್ಲಿ ಸುಮ್ಮನಿರುತ್ತಾಳೆಯೇ? ಮನೆಗೆ ಬಂದವಳೇ ಕೇಳಿದೆ.

"ನಿಜ ಹೇಳೇ, ಅವಳೇ ತಾನೆ ಹೇಳ್ಕೊಟ್ಟಿದ್ದು?"

"ಅಯ್ಯೋ ಇಲ್ಲ ಚಿಕ್ಕಮ್ಮ. ಇಬ್ರೂ ಚಿಕ್ಕಪ್ಪನ ಪಾಠ ಕೇಳೇ ಕಲಿತಿದ್ದು."

ಚಿಕ್ಕಪ್ಪ ಎಂದರೆ ನನ್ನ ಗಂಡ. ಶಾಲೆಯ ವೆಬ್‌ಪುಟಕ್ಕೆ ಗಣಿತದ ಪಾಠ ಹಾಕುವುದು ಅವರ ಕೆಲಸ. ಸೂತ್ರವನ್ನು ಚಿತ್ರವಾಗಿ ಹಾಕಿ, ಕಣ್ಣು ಕಾಣದವರಿಗಾಗಿ ಅದರ ಹಿಂದೆ ಒಂದು ಸಾಲು ಬರೆದಿಡುತ್ತಾರೆ. ಆ ಸಾಲು ನಮಗೆ ಕಾಣದು. ಕಂಪ್ಯೂಟರ್ ಅದನ್ನು ಗಟ್ಟಿಯಾಗಿ ಓದುತ್ತದೆ.

ಲ್ಯಾಪ್‌ಟಾಪ್ ತೆರೆಸಿ ಶಂಕುವಿನ ಪಾಠ ಹಾಕಿಸಿದೆ. ತೆರೆಯ ಮೇಲೆ ಒಂದು, ಗೆರೆ, ಕೆಳಗೆ ಮೂರು. ಕಂಪ್ಯೂಟರ್ ಓದಿತು: "ಒಂದು ಬೈ ಎರಡು."

"ಇನ್ನೊಂದ್ಸಲ ಹಾಕು," ಎಂದೆ. ಮತ್ತೆ ಅದೇ. ಗಂಡನನ್ನು ಕೂಗಿದೆ.

"ಸರಿಯಾಗೇ ಇದೆಯಲ್ಲ?" ಎಂದರು ತೆರೆ ನೋಡಿ. "ಮೊದಲು ತಪ್ಪಿತ್ತು. ಯಾರೋ ಹೇಳಿದ್ರು, ಚಿತ್ರ ಬದಲಾಯಿಸಿದೆ."

"ಚಿತ್ರದ ಹಿಂದೆ ಬರೆದಿಟ್ಟ ಸಾಲು?"

ಅವರ ಮುಖ ಕಪ್ಪಿಟ್ಟಿತು.

"ಕಾಣೋರಿಗೆಲ್ಲ ತಿದ್ದಿ, ನಮಗೆ ಮಾತ್ರ ಬಿಟ್ರಾ ಚಿಕ್ಕಪ್ಪ?" ಎಂದಳು ಹುಡುಗಿ.

"ಅದಕ್ಕೇನಂತೆ ಪುಟ್ಟಿ, ಒಂದೇ ನಿಮಿಷ," ಎನ್ನುತ್ತ ಅವರು ಲ್ಯಾಪ್‌ಟಾಪ್ ತಮ್ಮ ಕಡೆ ಎಳೆದುಕೊಂಡರು. "ಈಗಲೇ ತಿದ್ದಿಬಿಡ್ತೀನಿ."

ನನಗೆ ಮೈಯೆಲ್ಲ ಉರಿದುಹೋಯಿತು. ತಿದ್ದಿಬಿಟ್ಟರೆ ಮೇಷ್ಟ್ರಿಗೆ ಕೇಳಿಸುವುದೇನು, ಮಣ್ಣು?

"ಮುಟ್ಟಿದ್ರೆ ನೋಡಿ!"

"ನನ್ನ ಕೆಲಸ ಹೋಗುತ್ತೆ ಕಣೇ," ಎಂದರು ದನಿ ತಗ್ಗಿಸಿ.

ಹಾಗಾದರೆ ಸಾಕ್ಷಿ ಅಳಿಯುತ್ತದೆಂದು ಗೊತ್ತಿದ್ದೇ ಕೈ ಹಾಕಿದ್ದರು. ಇಷ್ಟು ವರ್ಷ ಒಂದೇ ಸೂರಿನಡಿ ಬಾಳಿದ ಮನುಷ್ಯನ ಮುಖವನ್ನೇ ನೋಡುತ್ತ ನಿಂತೆ.

ಹುಡುಗಿ ತಡಕಾಡಿ ಲ್ಯಾಪ್‌ಟಾಪ್ ಮುಚ್ಚಿ ಎದೆಗವಚಿಕೊಂಡಳು. "ಮೇಷ್ಟ್ರ ಮನೆಗೆ ಈಗಲೇ ಹೋಗೋಣ ಚಿಕ್ಕಮ್ಮ."

ಎಲ್ಲಿಗೆ ಹೊರಟರೂ ಅವಳು ಹಿಡಿಯುತ್ತಿದ್ದುದು ಚಿಕ್ಕಪ್ಪನ ತೋಳನ್ನು. ಅವರು ಅಭ್ಯಾಸಬಲದಿಂದ ತೋಳು ಚಾಚಿದರು. ಬೆರಳಿಗೆ ಅವರ ತೋಳು ತಗುಲಿದ್ದೇ ಅವಳು ಕೈ ಹಿಂತೆಗೆದು, ಗಾಳಿಯಲ್ಲಿ ನನ್ನನ್ನು ಹುಡುಕತೊಡಗಿದಳು.