ಐದರಲ್ಲಿ ಎಷ್ಟು

ಹಡಗಿನ ಹಿಂಬದಿಯ ಡೆಕ್ಕಿನ ಮೇಲೆ ಹೆಲಿಕಾಪ್ಟರ್ ಕೂತು, ಗಾಲಿಗಳಿಗೆ ಸರಪಳಿ ಬಿಗಿದಾದ ಮೇಲೂ ಮಾವ ತುಸು ಹೊತ್ತು ಕೆಳಗಿಳಿಯಲಿಲ್ಲ. ಇಪ್ಪತ್ತಾರು ವರ್ಷ ಹಾರಾಟ ನಡೆಸಿದ ಪೈಲಟ್. ಹಡಗಿನಲ್ಲಿ ಎಲ್ಲರಿಗೂ ಅವರು ಮಾವನೇ.

ಕೆಳಗಿನ ಕೋಣೆಯಲ್ಲಿ ಇಂಜಿನಿಯರಮ್ಮ ಹಾಳೆ ಹಿಡಿದು ಕಾದಿದ್ದರು. ಎಂಥ ಗಾಳಿಯವರೆಗೆ ಈ ಹಡಗಿನ ಮೇಲೆ ಇಳಿಸಬಹುದೆಂದು ತಿಳಿಯುವ ಪರೀಕ್ಷೆ ಅದು; ಪ್ರತಿ ಸಲ ಇಳಿಸಿದಾಗಲೂ ಎಷ್ಟು ಕಷ್ಟವಾಯಿತೆಂದು ಪೈಲಟ್ ಒಂದು ಅಂಕಿ ಹೇಳಬೇಕು. ಒಂದೆಂದರೆ ಸಲೀಸು, ಐದೆಂದರೆ ಆಗದ ಮಾತು. ಮೂರರವರೆಗಿದ್ದರೆ ಆ ಗಾಳಿಯಲ್ಲಿ ಯಾರು ಬೇಕಾದರೂ ಇಳಿಸಬಹುದೆಂದು ಪಟ್ಟಿಗೆ ಸೇರುತ್ತದೆ. ನಾಲ್ಕಾದರೆ ಯಾರೂ ಇಳಿಸುವಂತಿಲ್ಲ.

"ಎರಡು ಬರ್ಕೊಳಮ್ಮ," ಎಂದರು ಮಾವ.

"ಮಾವ ನಿದ್ದೆಗಣ್ಣಲ್ಲೂ ಇಳಿಸ್ತಾರೆ ಬಿಡಿ!" ಎಂದ ಏಣಿ. ಉದ್ದಕ್ಕೆ ಬೆಳೆದದ್ದಕ್ಕೆ ಆ ಹೆಸರು ಪಡೆದ ಈ ಕಿರಿಯ ಪೈಲಟ್ ನಿನ್ನೆ ಇದಕ್ಕಿಂತ ಕಡಿಮೆ ಗಾಳಿಯಲ್ಲಿ ಇಳಿಸಿ, ತಾನೂ ಎರಡು ಎಂದು ಬರೆಸಿದ್ದ. ಕೋಣೆಯಲ್ಲಿದ್ದ ಉಳಿದ ಪೈಲಟ್‌ಗಳು ನಕ್ಕರು.

ಇಂಜಿನಿಯರಮ್ಮ ಏನೂ ಬರೆಯಲಿಲ್ಲ. "ಊಟ ಆರಿಹೋಗುತ್ತೆ, ಹೋಗ್ರಪ್ಪ," ಎಂದು ಎಲ್ಲರನ್ನೂ ಕಳಿಸಿ, ಮಾವನ ಮುಂದೆ ಚಹಾ ಇಟ್ಟರು. ಲೋಟ ಅರ್ಧವೇ ತುಂಬಿತ್ತು. ಅದೇಕೆಂದು ಮಾವನಿಗೆ ಲೋಟ ಎತ್ತಿದಾಗ ತಿಳಿಯಿತು; ಚೆಲ್ಲದಂತೆ ಹಿಡಿಯಲು ಎರಡೂ ಕೈ ಬೇಕಾದವು.

"ಇಳಿಸೋವಾಗ ಇಂಧನ ಎಷ್ಟಿದೆ ಅಂತ ರೇಡಿಯೋದಲ್ಲಿ ನಿಮ್ಮನ್ನ ಕೇಳಿದ್ದೆ," ಎಂದರು ಆಕೆ.

"ಯಾವಾಗ?"

"ಮೂರು ಸಲ."

ಮಾವ ಲೋಟ ಕೆಳಗಿಟ್ಟರು. ಡೆಕ್ಕಿನ ಮುಂದೆ ಎದ್ದುನಿಂತ ಹಡಗಿನ ಕಟ್ಟಡವನ್ನು ಸುತ್ತಿ ಬಂದ ಗಾಳಿ ಹೆಲಿಕಾಪ್ಟರಿನ ಬಾಲವನ್ನು ಪಕ್ಕಕ್ಕೆ ಎಳೆದದ್ದು, ಡೆಕ್ಕು ಎದೆಯೆತ್ತರಕ್ಕೆ ಏರಿ ಥಟ್ಟನೆ ಕುಸಿದದ್ದು ನೆನಪಿತ್ತು. ಕೈಕಾಲು, ಕಣ್ಣು, ಬುದ್ಧಿ ಎಲ್ಲವೂ ಅಲ್ಲೇ ಸಿಕ್ಕಿಕೊಂಡಿದ್ದವು. ರೇಡಿಯೋದ ಒಂದು ಮಾತೂ ನೆನಪಿರಲಿಲ್ಲ.

"ನಾಲ್ಕು ಅಂದ್ರೆ ಮುದುಕನ ಕೈ ಸಡಿಲವಾಯ್ತು ಅಂತಾರೆ ಕಣಮ್ಮ. ಮುಂದಿನ ತಿಂಗಳು ನಾನಿನ್ನೂ ಹಾರಬಹುದಾ ಅನ್ನೋ ತಪಾಸಣೆ ಬೇರೆ ಇದೆ. ನೆಲಕ್ಕೆ ಕೂರಿಸಿಬಿಟ್ಟರೆ?"

"ಕೂರಿಸಿದ್ರೂ ಕೂರಿಸಬಹುದು," ಎಂದರು ಆಕೆ. ಸುಳ್ಳು ಸಮಾಧಾನ ಹೇಳಲು ಅವರಿಗೆ ಬಾಯಿ ಬರಲಿಲ್ಲ. "ಎರಡು ಅಂತ ಬರೆದ್ರೆ ನಾಳೆ ಏಣಿನೂ ಇದೇ ಗಾಳೀಲಿ ಇಳಿಸಬೇಕಾಗುತ್ತೆ ಮಾವ."

ಮಾವ ಖಾಲಿ ಹಾಳೆಯನ್ನು ತಮ್ಮತ್ತ ಎಳೆದುಕೊಂಡು ನೋಡಿದರು. ಆಕೆ ಅವಸರಪಡಿಸಲಿಲ್ಲ, ಪೆನ್ನನ್ನೂ ಕೈಗೆತ್ತಿಕೊಳ್ಳಲಿಲ್ಲ.

"ಈ ಗಾಳೀಲಿ ಬಾಲ ಅವನ ಹಿಡಿತಕ್ಕೆ ಸಿಗಲ್ಲ," ಎಂದರು ಕೊನೆಗೆ. "ನಾಲ್ಕು. ತಾಳು, ಈಗಲೇ ಬರೀಬೇಡ. ಅವರೆಲ್ಲ ಬರ್ಲಿ. ಅವರ ಎದುರಿಗೆ ತಾನೇ ಎರಡು ಅಂದಿದ್ದು?"

ಎಲ್ಲರೂ ಊಟ ಮುಗಿಸಿ ಬಂದಾಗ ಮಾವ ಎದ್ದು ನಿಂತರು. "ಆಗ ಸುಳ್ಳು ಹೇಳ್ದೆ ಕಣ್ರೋ. ಅದು ನಾಲ್ಕು. ಇಂಜಿನಿಯರಮ್ಮ ಮೂರು ಸಲ ಕರೆದ್ರೂ ಕೇಳಿಸ್ಲಿಲ್ಲ ನಂಗೆ."

ಯಾರೂ ನಗಲಿಲ್ಲ. ಇಂಜಿನಿಯರಮ್ಮ ನಾಲ್ಕು ಎಂದು ಬರೆದರು. ಮಾವ ಅದರ ಕೆಳಗೆ ಸಹಿ ಹಾಕಿದರು, ಅಂಕುಡೊಂಕಾಗಿ.

ಏಣಿ ಬಾಗಿಲ ಬಳಿಯೇ ನಿಂತಿದ್ದ. ಕಿವಿ ಕೆಂಪಾಗಿತ್ತು. "ಮೇಡಂ, ನನ್ನ ನಿನ್ನೆಯ ಹಾಳೆ ಇದ್ಯಾ? ಒಂದು ಅಂಕಿ ತಿದ್ಬೇಕು."

ಮಾವ ಪಕ್ಕದ ಕುರ್ಚಿಯನ್ನು ಅವನಿಗಾಗಿ ಎಳೆದರು.